ಹಸಿವಿಲ್ಲದ ಹಸಿವು
ತಡೆಯಲಾಗದ ತಿನ್ನುವ ಕಾಯಿಲೆಗೆ ಕೈಹಿಡಿಯುವ ಪುಸ್ತಕಗಳು



'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಅಜ್ಜಿಯರ ಬಾಯಿಂದ ಕೇಳಿ ಬೆಳೆದವರು. ಗಾದೆ ಸುಳ್ಳಲ್ಲ. ಆದರೆ ಊಟದ ವಿಷಯ ಎಲ್ಲವನ್ನೂ ಬಲ್ಲವರಾಗಿದ್ದೂ, ಎಷ್ಟು ತಿನ್ನಬೇಕು, ಯಾವಾಗ ನಿಲ್ಲಿಸಬೇಕು ಎಂದು ಇತರರಿಗೆ ಬುದ್ಧಿ ಹೇಳುವಷ್ಟು ತಿಳಿದಿದ್ದೂ, ಒಂಟಿಯಾಗಿರುವಾಗ ಕೈಯನ್ನು ತಡೆಯಲಾರದೆ ಸೋಲುವ ಜನರು ನಮ್ಮ ನಡುವೆ ಇದ್ದಾರೆ. ಹೊಟ್ಟೆ ತುಂಬಿದೆ ಎಂದು ಅವರಿಗೆ ಗೊತ್ತು. ರುಚಿ ಸಹ ನಾಲಿಗೆಗೆ ಹತ್ತುತ್ತಿಲ್ಲ. ಆದರೂ ಕೈ ಡಬ್ಬಿಯಿಂದ ಬಾಯಿಗೆ, ಬಾಯಿಯಿಂದ ಡಬ್ಬಿಗೆ ಹೋಗುತ್ತಲೇ ಇರುತ್ತದೆ. ಡಬ್ಬಿ ಖಾಲಿಯಾದ ಮೇಲೆ ಉಳಿಯುವುದು ಹೊಟ್ಟೆನೋವು, ಅದಕ್ಕಿಂತ ಹೆಚ್ಚಾಗಿ ನಾಚಿಕೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊಲಿಗೆ ಮಾಡುವ ಒಬ್ಬ ತಾಯಿ. ಬೆಳಿಗ್ಗೆ ಮಕ್ಕಳಿಗೂ ಗಂಡನಿಗೂ ಇಡ್ಲಿ ಮಾಡಿಕೊಟ್ಟು, ತಾನು ಒಂದು ಲೋಟ ಟೀ ಕುಡಿದು ಕೆಲಸಕ್ಕೆ ಓಡುತ್ತಾಳೆ. 'ದಪ್ಪ ಆಗಿಬಿಟ್ಟಿದ್ದೀಯಲ್ಲ' ಎಂದು ಹೋದ ತಿಂಗಳು ಮದುವೆಮನೆಯಲ್ಲಿ ಯಾರೋ ಅಂದ ಮಾತು ಮನಸ್ಸಿನಲ್ಲಿದೆ. ಅದಕ್ಕೇ ಮಧ್ಯಾಹ್ನದ ಬುತ್ತಿಯಲ್ಲೂ ಅರ್ಧ ಬಿಡುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಉಳಿದ ಅನ್ನ, ಮಕ್ಕಳ ಬಿಸ್ಕತ್ತು, ಹಬ್ಬಕ್ಕೆಂದು ತಂದಿಟ್ಟ ಮೈಸೂರುಪಾಕು ಎಲ್ಲವನ್ನೂ ನಿಂತಲ್ಲೇ ತಿಂದು ಮುಗಿಸುತ್ತಾಳೆ. ಮರುದಿನ 'ಇವತ್ತಿನಿಂದ ಏನೂ ತಿನ್ನುವುದಿಲ್ಲ' ಎಂದು ಶಪಥ. ಆ ರಾತ್ರಿ ಮತ್ತೆ ಅದೇ ಕಥೆ. ಈ ತಾಯಿ ಯಾರಿಗೆ ಹೇಳಿಕೊಳ್ಳಬೇಕು? ಹೇಳಿಕೊಂಡರೆ ನಗುತ್ತಾರೆ. 'ಬಾಯಿಗೆ ಬೀಗ ಹಾಕು' ಎನ್ನುತ್ತಾರೆ.

ಬೀಗದಿಂದ ಬಗೆಹರಿಯುವ ವಿಷಯ ಇದಲ್ಲ. ಇದೊಂದು ಕಾಯಿಲೆ. ಅದಕ್ಕೆ ಮದ್ದೂ ಉಂಟು. ಆಶ್ಚರ್ಯವೆಂದರೆ, ಆ ಮದ್ದುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬಹುದಾದದ್ದು ಗುಳಿಗೆಯಲ್ಲ, ಒಂದು ಪುಸ್ತಕ. ಈ ತಿಂಗಳು ಅದರ ಬಗ್ಗೆ ಒಂದಿಷ್ಟು ಚಿಂತನೆ ಮಾಡೋಣ.

ಯಾವುದು ಕಾಯಿಲೆ, ಯಾವುದು ಅಲ್ಲ?

ಹಬ್ಬದ ದಿನ ಎರಡು ಹೋಳಿಗೆ ಹೆಚ್ಚು ತಿಂದರೆ, ಕ್ರಿಸ್ಮಸ್ ಕೇಕಿನ ಮೂರನೆಯ ತುಂಡಿಗೆ ಕೈಹಾಕಿದರೆ ಅದು ಕಾಯಿಲೆಯಲ್ಲ. ಸಂತೋಷದ ಊಟವನ್ನು ಯಾರೂ ರೋಗವೆನ್ನಬಾರದು. ಕಾನಾ ಊರಿನ ಮದುವೆಗೆ ಹೋದ ಪ್ರಭು ಯೇಸುವೂ ಅದನ್ನು ಹಾಗೆ ಕಾಣಲಿಲ್ಲ.

ವೈದ್ಯರು ಎರಡು ಲಕ್ಷಣಗಳನ್ನು ಮುಖ್ಯವಾಗಿ ನೋಡುತ್ತಾರೆ. ಒಂದು, ಬೇರೆಯವರು ಅದೇ ಹೊತ್ತಿನಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು. ಎರಡು, ತಿನ್ನುವಾಗ ತನ್ನ ಮೇಲೆ ತನಗೇ ಹಿಡಿತವಿಲ್ಲವೆಂಬ ಭಾವನೆ. ಇದರ ಜೊತೆಗೆ ಗಬಗಬನೆ ತಿನ್ನುವುದು, ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಹಸಿವಿಲ್ಲದಾಗಲೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ಕುಳಿತು ತಿನ್ನುವುದು, ತಿಂದಾದ ಮೇಲೆ ತನ್ನ ಬಗ್ಗೆಯೇ ಅಸಹ್ಯಪಡುವುದು, ಇವುಗಳಲ್ಲಿ ಮೂರಾದರೂ ಇದ್ದು, ವಾರಕ್ಕೆ ಒಮ್ಮೆಯಂತೆ ಮೂರು ತಿಂಗಳು ಮುಂದುವರಿದು, ಮನಸ್ಸಿಗೆ ತೀವ್ರ ಯಾತನೆ ಕೊಟ್ಟರೆ ಅದನ್ನು ಬಿಂಜ್ ಈಟಿಂಗ್ ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಇದನ್ನು 1959ರಲ್ಲೇ ವಿವರಿಸಿದ್ದರು. ಆದರೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಭೇದಿಯ ಔಷಧಿ ಸೇವಿಸುವುದು ಇವೂ ಪದೇ ಪದೇ ಜೊತೆಗೂಡಿದರೆ ಅದಕ್ಕೆ ಬುಲಿಮಿಯಾ ಎಂಬ ಹೆಸರು. ಅದು ಇನ್ನೂ ಅಪಾಯಕಾರಿ.

ಇದು ದಪ್ಪಗಿರುವವರ ಕಾಯಿಲೆ ಎಂದು ತಿಳಿಯಬಾರದು. ಸಾಧಾರಣ ಮೈಕಟ್ಟಿನವರಲ್ಲೂ ಇದು ಇರುತ್ತದೆ. ದಪ್ಪಗಿರುವ ಎಲ್ಲರಿಗೂ ಇದು ಇರುವುದಿಲ್ಲ. ಹೆಂಗಸರ ಕಾಯಿಲೆಯೆಂದೂ ತಳ್ಳಿಹಾಕಬಾರದು. ಗಂಡಸರಲ್ಲೂ ಇದೆ, ಅವರು ಬಾಯಿಬಿಡುವುದು ಇನ್ನೂ ಕಡಿಮೆ.

ನಮ್ಮ ಕೊಯಮತ್ತೂರು, ನಮ್ಮ ತಿರುಪ್ಪೂರು

ಈ ಸೀಮೆಯಲ್ಲಿ ಕನ್ನಡ ಹೊಸದಲ್ಲ. ದೇವಾಂಗ ನೇಕಾರರು, ಒಕ್ಕಲಿಗರು ತಲೆತಲಾಂತರದಿಂದ ಇಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡು ಬಂದಿದ್ದಾರೆ. ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಳೆಯ ಮೈಸೂರು ಮಿಶನ್ನಿನ ಯೇಸುಸಭೆಯ ಗುರುಗಳು ಕರುಮತ್ತಂಪಟ್ಟಿಯಿಂದ ಈ ಕಡೆಯ ವಿಶ್ವಾಸಿಗಳನ್ನು ನೋಡಿಕೊಂಡದ್ದೂ ನಮ್ಮ ಚರಿತ್ರೆಯ ಭಾಗ. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಅವಿನಾಶಿ, ಪಲ್ಲಡಂ, ಉಡುಮಲೈಪೇಟೆ, ಧಾರಾಪುರ ಅದರ ಪಾಲಿಗೆ ಹೋದವು. ಗೆರೆ ಬದಲಾದರೂ ಬದುಕು ಒಂದೇ: ಮಿಲ್ಲು, ಬನಿಯನ್ ಕಂಪನಿ, ಕಾಲೇಜು, ಹಾಸ್ಟೆಲು, ಬಸ್ಸು.

ಈ ಬದುಕಿನಲ್ಲಿ ಊಟದ ಹೊತ್ತು ಎಂಬುದೇ ಅಲ್ಲಾಡಿಹೋಗಿದೆ. ರಫ್ತಿನ ಆರ್ಡರು ಬಂದಾಗ ಹಗಲು ರಾತ್ರಿ ಒಂದೇ ಆಗುತ್ತದೆ. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಊರು ಬಿಟ್ಟು ಹಾಸ್ಟೆಲಿಗೆ ಬಂದ ಹುಡುಗಿಗೆ ಅಲ್ಲಿನ ಊಟ ಸೇರದು, ಮನೆಯ ನೆನಪು ಬಿಡದು. ವಾರದ ಕೂಲಿ ಕೈಗೆ ಬಂದ ಸಂಜೆ ಬೇಕರಿಯ ಗಾಜಿನ ಪೆಟ್ಟಿಗೆ ಕರೆಯುತ್ತದೆ. ಕೊಯಮತ್ತೂರಿನ ಯಾವ ರಸ್ತೆಯಲ್ಲಿ ನಡೆದರೂ ಬನ್ನು, ಪಪ್ಸು, ಪರೋಟ, ತಳ್ಳುಗಾಡಿಯ ಕಾಳಾನ್ ಇವುಗಳ ವಾಸನೆ. ಇವು ಕೆಟ್ಟವೆಂದು ನಾವು ಹೇಳುತ್ತಿಲ್ಲ. ಹಗಲಿಡೀ ಹೊಟ್ಟೆಗೆ ಹಾಕದೆ, ಮನಸ್ಸಿನಲ್ಲಿ ಭಾರ ತುಂಬಿಕೊಂಡು ಅವುಗಳ ಮುಂದೆ ನಿಂತವರ ಸ್ಥಿತಿಯನ್ನು ಯೋಚಿಸಿ ಎನ್ನುತ್ತಿದ್ದೇವೆ.

ಓದಿನ ವಿಷಯದಲ್ಲೂ ಇಲ್ಲಿನವರ ಸ್ಥಿತಿ ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಲಿಪಿ, ಮೊಮ್ಮಗಳಿಗೆ ಇನ್ನೊಂದು. ಆದ್ದರಿಂದ ಪುಸ್ತಕ ಓದಿ ಗುಣವಾಗುವುದು ಎಂದರೆ ಇಲ್ಲಿ ಕೂಡಿ ಓದುವುದು ಎಂದೇ ಅರ್ಥ. ಇದು ಕೊರತೆಯಲ್ಲ, ಕೃಪೆ ಎಂಬುದನ್ನು ಮುಂದೆ ನೋಡೋಣ.

ಪಾಪವೋ, ರೋಗವೋ?

ಧರ್ಮಸಭೆಯ ಮಕ್ಕಳಾದ ನಮಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಹೊಟ್ಟೆಬಾಕತನವು ಏಳು ಪ್ರಧಾನ ಪಾಪಗಳಲ್ಲಿ ಒಂದಲ್ಲವೇ? ಹಾಗಿದ್ದರೆ ಪಾಪನಿವೇದನೆ ಮಾಡಿ ಗಟ್ಟಿ ಮನಸ್ಸು ಮಾಡಿದರೆ ಸಾಲದೇ?

ಇದಕ್ಕೆ ಉತ್ತರ ನಮ್ಮ ಪರಂಪರೆಯಲ್ಲೇ ಇದೆ. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯ ಮುನಿಗಳ ಬಳಿ ಕಲಿತು ಬಂದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಅವರ ಮಾತುಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಸೆರಾಪಿಯೋನ್ ಎಂಬ ಮುನಿಯ ಬಾಲ್ಯದ ಘಟನೆ ಬರುತ್ತದೆ. ಬಾಲಕನಾಗಿದ್ದಾಗ ಅವರು ಥಿಯೋನಾಸ್ ಎಂಬ ವೃದ್ಧ ಗುರುವಿನ ಜೊತೆ ಇದ್ದರು. ದಿನವೂ ಗುರುವಿನೊಂದಿಗೆ ಊಟ ಮಾಡಿ ಏಳುವಾಗ ಒಂದು ಒಣರೊಟ್ಟಿಯನ್ನು ಎದೆಯೊಳಗೆ ಬಚ್ಚಿಟ್ಟು, ಸಂಜೆ ಗುಟ್ಟಾಗಿ ತಿನ್ನುತ್ತಿದ್ದರು. ತಿಂದಾಗ ಸಿಗುತ್ತಿದ್ದ ಸುಖಕ್ಕಿಂತ ತಿಂದಮೇಲಿನ ಸಂಕಟವೇ ದೊಡ್ಡದಾಗಿತ್ತು. ಆದರೂ ಮರುದಿನ ಕೈ ಮತ್ತೆ ಹೋಗುತ್ತಿತ್ತು. ಒಂದು ದಿನ ಅತಿಥಿಗಳು ಬಂದು ಮಾತು ಹೊಟ್ಟೆಬಾಕತನದ ಕಡೆಗೆ, ಮುಚ್ಚಿಟ್ಟ ಆಲೋಚನೆಗಳ ಬಲದ ಕಡೆಗೆ ತಿರುಗಿತು. ಬಾಲಕ ಬಿಕ್ಕಿ ಬಿಕ್ಕಿ ಅತ್ತು, ಅಂದು ಬಚ್ಚಿಟ್ಟಿದ್ದ ರೊಟ್ಟಿಯನ್ನು ಎಲ್ಲರೆದುರು ತೆಗೆದಿಟ್ಟು ನಿಜ ಹೇಳಿಬಿಟ್ಟ. ಗುರು ಬೈಯಲಿಲ್ಲ. ನಾನು ಏನನ್ನೂ ಹೇಳುವ ಮೊದಲೇ ನೀನು ಬಾಯಿಬಿಟ್ಟ ಮಾತೇ ನಿನ್ನನ್ನು ಬಿಡಿಸಿತು ಎಂಬ ಅರ್ಥದಲ್ಲಿ ಸಮಾಧಾನಪಡಿಸಿದರು.

ಹದಿನಾರು ನೂರು ವರ್ಷಗಳ ಹಿಂದಿನ ಈ ಘಟನೆಯಲ್ಲಿ ಇಂದಿನ ಕಾಯಿಲೆಯ ಮುಖ್ಯ ಲಕ್ಷಣಗಳೇ ಇವೆ: ಗುಟ್ಟು, ನಾಚಿಕೆ, ಸೋಲು, ಮತ್ತೆ ಸೋಲು. ಬಿಡುಗಡೆಯ ಮೊದಲ ಹೆಜ್ಜೆಯೂ ಇದೆ. ಮುಚ್ಚಿಟ್ಟದ್ದನ್ನು ನಂಬಿಕಸ್ತ ವ್ಯಕ್ತಿಯ ಮುಂದೆ ತೆರೆದಿಡುವುದು.

ಪಾಪವಾಗಬೇಕಾದರೆ ತಿಳುವಳಿಕೆಯೂ ಸ್ವಾತಂತ್ರ್ಯವೂ ಬೇಕು. ಬೇರೂರಿದ ಅಭ್ಯಾಸ, ಭಯ, ಮಾನಸಿಕ ಕಾರಣಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಕಥೋಲಿಕ ಧರ್ಮೋಪದೇಶವೇ ತನ್ನ 1735ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಮಲೇರಿಯಾ ಬಂದವರು ನಡುಗಿದ್ದಕ್ಕೆ ಪಾಪನಿವೇದನೆ ಮಾಡುವುದಿಲ್ಲ. ಪಾಪನಿವೇದನೆಯ ಸಂಸ್ಕಾರ ಮನಸ್ಸಿಗೆ ಶಾಂತಿ ಕೊಡುತ್ತದೆ, ಬಲ ಕೊಡುತ್ತದೆ. ಆದರೆ ಅದು ಚಿಕಿತ್ಸೆಯ ಬದಲಿಗೆ ಅಲ್ಲ, ಚಿಕಿತ್ಸೆಯ ಜೊತೆಗೆ.

ಉಪವಾಸ ಬಿದ್ದಷ್ಟೂ ಬಲೆ ಬಿಗಿ

ಈ ಕಾಯಿಲೆ ಬಿಡದಿರುವುದಕ್ಕೆ ಒಂದು ದೊಡ್ಡ ಕಾರಣ, ಅದನ್ನು ಬಿಡಿಸಿಕೊಳ್ಳಲು ಹೆಚ್ಚಿನವರು ಮಾಡುವ ಪ್ರಯತ್ನವೇ. ರಾತ್ರಿ ಅತಿಯಾಗಿ ತಿಂದವರು ಬೆಳಿಗ್ಗೆ ಉಪವಾಸ ಬೀಳುತ್ತಾರೆ. ಅಕ್ಕಿ ಮುಟ್ಟುವುದಿಲ್ಲ, ಸಿಹಿ ಮುಟ್ಟುವುದಿಲ್ಲ ಎಂದು ಕಠಿಣ ನಿಯಮ ಹಾಕಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ದೇಹ ಹಸಿದು ಕಂಗೆಟ್ಟಿರುತ್ತದೆ. ಯಾರೋ ಒಂದು ಲಾಡು ಕೊಡುತ್ತಾರೆ, ತಿಂದುಬಿಡುತ್ತಾರೆ. 'ನಿಯಮ ಮುರಿದೇಹೋಯಿತು, ಇನ್ನೇನು, ಎಲ್ಲಾ ತಿಂದುಬಿಡೋಣ, ನಾಳೆಯಿಂದ ಶುರು ಮಾಡೋಣ' ಎಂದು ಮನಸ್ಸು ಹೇಳುತ್ತದೆ. ಒಂದು ಲಾಡು ಹತ್ತಾಗುತ್ತದೆ. ಮರುದಿನ ಇನ್ನೂ ಕಠಿಣ ಉಪವಾಸ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಅದೇ ಸುತ್ತು. ಇದರ ಜೊತೆಗೆ ಜಗಳ, ಒಂಟಿತನ, ದಣಿವು, ಬೇಸರ ಇವೂ ಸೇರಿಕೊಳ್ಳುತ್ತವೆ. ತಿನ್ನುವಷ್ಟು ಹೊತ್ತು ಆ ನೋವು ಮರೆತಂತಾಗುತ್ತದೆ, ಅಷ್ಟೇ.

ಮರುಭೂಮಿಯ ಮುನಿಗಳಿಗೆ ಇದೂ ಗೊತ್ತಿತ್ತು. ಅತಿಯಾದ ಉಪವಾಸವೂ ಹೊಟ್ಟೆಬಾಕತನವೂ ಕೊನೆಗೆ ಒಂದೇ ಕಡೆಗೆ ಒಯ್ಯುತ್ತವೆ, ದಿನವೂ ಹೊತ್ತಿಗೆ ಸರಿಯಾಗಿ ಮಿತವಾಗಿ ತಿನ್ನುವುದೇ ಮೇಲು ಎಂಬುದು ಕ್ಯಾಸಿಯನ್ ದಾಖಲಿಸಿದ ಮೋಶೆ ಮುನಿಯ ಬೋಧನೆ.

ಪುಸ್ತಕ ಏನು ಕಲಿಸುತ್ತದೆ?

ಈಗ ಪುಸ್ತಕಕ್ಕೆ ಬರೋಣ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ 1995ರಲ್ಲಿ 'ಓವರ್‌ಕಮಿಂಗ್ ಬಿಂಜ್ ಈಟಿಂಗ್' ಎಂಬ ಪುಸ್ತಕ ಬರೆದರು. 2013ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಮೊದಲ ಭಾಗ ಕಾಯಿಲೆಯನ್ನು ವಿವರಿಸುತ್ತದೆ. ಎರಡನೆಯ ಭಾಗ ಹೆಜ್ಜೆ ಹೆಜ್ಜೆಯಾಗಿ ಹೊರಬರುವ ದಾರಿ. ಒಂದು ಹೆಜ್ಜೆ ಊರಿದ ಮೇಲೆಯೇ ಇನ್ನೊಂದು. ಆ ಹೆಜ್ಜೆಗಳನ್ನು ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ ಹೀಗೆ.

ಮೊದಲನೆಯದು, ಬರೆದಿಡುವುದು. ಒಂದು ಚಿಕ್ಕ ನೋಟ್‌ಬುಕ್ ಸಾಕು. ಹೊತ್ತು ಎಷ್ಟು, ಏನು ತಿಂದೆ, ಎಲ್ಲಿ ಕುಳಿತು ತಿಂದೆ, ಅದು ಅತಿಯಾಯಿತು ಎನ್ನಿಸಿದರೆ ಒಂದು ನಕ್ಷತ್ರದ ಗುರುತು, ಆಗ ಮನಸ್ಸಿನಲ್ಲಿ ಏನಿತ್ತು. ತಿಂದ ತಕ್ಷಣ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆಯುವುದಲ್ಲ. ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆದರೂ ಅಡ್ಡಿಯಿಲ್ಲ. ಎರಡು ವಾರ ಬರೆದವರಿಗೆ ತಮ್ಮ ಕಾಯಿಲೆಯ ಗುಟ್ಟು ತಾವೇ ಕಾಣತೊಡಗುತ್ತದೆ. ಬೆಳಿಗ್ಗೆ ಹಸಿದಿದ್ದ ದಿನವೇ ರಾತ್ರಿ ನಕ್ಷತ್ರ ಬಿದ್ದಿದೆಯೇ? ಜಗಳವಾದ ದಿನವೇ? ತೂಕವನ್ನು ವಾರಕ್ಕೆ ಒಮ್ಮೆ ಮಾತ್ರ ನೋಡಬೇಕು. ದಿನಕ್ಕೆ ನಾಲ್ಕು ಸಲ ತೂಕದ ಯಂತ್ರ ಹತ್ತುವುದೂ ಕಾಯಿಲೆಗೆ ಗೊಬ್ಬರ.

ಎರಡನೆಯದು, ಹೊತ್ತು ಹೊತ್ತಿಗೆ ತಿನ್ನುವುದು. ಇದೇ ಇಡೀ ದಾರಿಯ ಬೆನ್ನೆಲುಬು. ದಿನಕ್ಕೆ ಮೂರು ಊಟ, ಎರಡೋ ಮೂರೋ ಸಣ್ಣ ತಿಂಡಿ, ಎಚ್ಚರವಾಗಿರುವಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಬೆಳಿಗ್ಗೆ ಏಳೂವರೆಗೆ ಇಡ್ಲಿ, ಹತ್ತೂವರೆಗೆ ಟೀ ಜೊತೆ ಒಂದು ಬಾಳೆಹಣ್ಣು, ಒಂದು ಗಂಟೆಗೆ ಊಟ, ನಾಲ್ಕೂವರೆಗೆ ಸುಂಡಲು, ಎಂಟಕ್ಕೆ ರಾತ್ರಿಯ ಊಟ. ರಾತ್ರಿ ಪಾಳಿಯವರು ಎದ್ದ ಹೊತ್ತಿನಿಂದ ಇದೇ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಮುಂದಿನ ಊಟ ಯಾವಾಗ, ಏನು ಎಂಬುದು ಮೊದಲೇ ಗೊತ್ತಿರಬೇಕು. ನಿನ್ನೆ ರಾತ್ರಿ ಅತಿಯಾಯಿತೆಂದು ಇಂದು ಬೆಳಗಿನ ಇಡ್ಲಿಯನ್ನು ಬಿಡಬಾರದು. ಇದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ. 'ಇಷ್ಟು ಸಲ ತಿಂದರೆ ಇನ್ನೂ ದಪ್ಪ ಆಗುವುದಿಲ್ಲವೇ?' ಎಂಬ ಭಯ ಸಹಜ. ಆದರೆ ಹೊತ್ತಿಗೆ ತಿನ್ನುವವರಲ್ಲಿ ಆ ರಾತ್ರಿಯ ಪ್ರವಾಹವೇ ಇಳಿಯುತ್ತದೆ.

ಮೂರನೆಯದು, ಆಸೆಯ ಅಲೆ ಇಳಿಯುವವರೆಗೆ ಬೇರೆ ಕೆಲಸ. ತಿನ್ನಬೇಕೆಂಬ ಒತ್ತಡ ಏರುತ್ತದೆ, ಶಿಖರ ಮುಟ್ಟುತ್ತದೆ, ಇಳಿಯುತ್ತದೆ. ಆ ಹೊತ್ತನ್ನು ದಾಟಿಸಲು ಒಂದು ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ಅಕ್ಕನಿಗೆ ಫೋನು, ಬೀದಿಯ ಕೊನೆಯವರೆಗೆ ನಡಿಗೆ, ತಣ್ಣೀರಿನ ಸ್ನಾನ, ಹೂ ಕಟ್ಟುವುದು, ಹಾಡು ಕೇಳುವುದು. ಜಪಮಾಲೆಯನ್ನೂ ಸೇರಿಸಬಹುದು. ಆದರೆ ತನಗೆ ತಾನೇ ಕೊಟ್ಟುಕೊಳ್ಳುವ ಶಿಕ್ಷೆಯಂತೆ ಅಲ್ಲ, ತಾಯಿ ಮರಿಯಳ ಕೈಹಿಡಿದು ಕುಳಿತಂತೆ.

ನಾಲ್ಕನೆಯದು, ಒತ್ತಡದ ಮೂಲವನ್ನು ಬಿಡಿಸುವುದು. ತೊಂದರೆಯನ್ನು ಬೇಗನೆ ಗುರುತಿಸಿ, ಅದು ನಿಖರವಾಗಿ ಏನೆಂದು ಬರೆದು, ಬಗೆಹರಿಸುವ ದಾರಿಗಳೆಲ್ಲವನ್ನೂ ಪಟ್ಟಿ ಮಾಡಿ, ಒಂದೊಂದರ ಫಲವನ್ನು ತೂಗಿ, ಒಂದನ್ನು ಆರಿಸಿ ನಡೆಸಿ, ಮರುದಿನ ಹೇಗಾಯಿತೆಂದು ನೋಡುವುದು. 'ನನ್ನ ಬಾಳೇ ಸರಿಯಿಲ್ಲ' ಎಂದರೆ ಬಿಡಿಸಲಾಗದು. 'ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ, ಆ ಮೂರು ಗಂಟೆ ನನಗೆ ಭಯ' ಎಂದರೆ ಬಿಡಿಸಬಹುದು.

ಐದನೆಯದು, ಕಠಿಣ ನಿಯಮಗಳನ್ನೂ ಕನ್ನಡಿಯ ಹಿಂಸೆಯನ್ನೂ ಸಡಿಲಿಸುವುದು. 'ಮುಟ್ಟಲೇಬಾರದು' ಎಂದು ಹೆದರಿ ದೂರವಿಟ್ಟ ತಿನಿಸುಗಳನ್ನು, ಮನಸ್ಸು ಸ್ಥಿಮಿತದಲ್ಲಿರುವ ದಿನ, ಊಟದ ಭಾಗವಾಗಿ ಸ್ವಲ್ಪ ಸ್ವಲ್ಪವೇ ಮರಳಿ ತರುವುದು. ತನ್ನ ಬೆಲೆಯನ್ನು ಸೊಂಟದ ಅಳತೆಯಿಂದ ತೂಗುವುದನ್ನು ಬಿಡುವುದು. ದೇವರ ಪ್ರತಿರೂಪವಾಗಿ ಸೃಷ್ಟಿಯಾದ ಮನುಷ್ಯನನ್ನು ತಕ್ಕಡಿಯ ಮುಳ್ಳು ಅಳೆಯಲಾರದು ಎಂದು ವಿಶ್ವಾಸಿಗಳಾದ ನಾವು ಇದಕ್ಕೆ ಸೇರಿಸಬಹುದು.

ಒಂಟಿಯಾಗಿ ಓದಬೇಡಿ

ಪುಸ್ತಕ ಓದಿ ಗುಣವಾಗುವುದೆಂದರೆ ಕೆಲವರಿಗೆ ನಗು ಬರಬಹುದು. ಆದರೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 'ನೈಸ್' 2017ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಬಿಂಜ್ ಈಟಿಂಗ್ ಕಾಯಿಲೆಯಿರುವ ವಯಸ್ಕರಿಗೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾರ್ಗದರ್ಶನದೊಂದಿಗಿನ ಸ್ವಸಹಾಯ ಎಂದೇ ಇದೆ. ಮಾರ್ಗದರ್ಶನ ಎಂದರೆ ದೊಡ್ಡದೇನಲ್ಲ. 16 ವಾರಗಳಲ್ಲಿ ನಾಲ್ಕರಿಂದ ಒಂಬತ್ತು ಭೇಟಿ, ಒಂದೊಂದು ಭೇಟಿ ಸುಮಾರು 20 ನಿಮಿಷ. ಪುಸ್ತಕದ ಹೆಜ್ಜೆಯನ್ನು ಬಿಡದೆ ನಡೆಯಲು ನೆರವಾಗುವುದಷ್ಟೇ ಮಾರ್ಗದರ್ಶಿಯ ಕೆಲಸ. ಅಮೆರಿಕದಲ್ಲಿ 205 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಫೇರ್‌ಬರ್ನ್ ಪುಸ್ತಕ ಆಧಾರಿತ ಇಂಥ ಸ್ವಸಹಾಯವನ್ನು ತೂಕ ಇಳಿಸುವ ಕಾರ್ಯಕ್ರಮದೊಂದಿಗೆ ಹೋಲಿಸಿತು. ಎರಡು ವರ್ಷಗಳ ನಂತರ ನೋಡಿದಾಗ, ಅತಿಯಾಗಿ ತಿನ್ನುವುದನ್ನು ನಿಲ್ಲಿಸುವ ವಿಷಯದಲ್ಲಿ ಪುಸ್ತಕದ ದಾರಿಯೇ ಮೇಲಾಗಿತ್ತು.

ಇದು ನಮಗೆ ಹೊಸದೇ? 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಲೊಯೋಲಾದ ಇಗ್ನಾಸಿಯವರನ್ನು ಬದಲಿಸಿದ್ದು ಹಾಸಿಗೆಯ ಪಕ್ಕದಲ್ಲಿದ್ದ ಕ್ರಿಸ್ತನ ಮತ್ತು ಸಂತರ ಜೀವನ ಕಥೆಗಳು. ಮನ್ರೇಸಾದಲ್ಲಿ ಅತಿಯಾದ ಉಪವಾಸದಿಂದ ಆರೋಗ್ಯ ಕೆಡಿಸಿಕೊಂಡ ಅವರೇ ಮುಂದೆ ತಮ್ಮ 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಊಟಕ್ಕೆ ಕ್ರಮ ತರುವ ಎಂಟು ನಿಯಮಗಳನ್ನು ಸೇರಿಸಿದರು. ಮುಂದಿನ ಊಟದ ಅಳತೆಯನ್ನು ಹಸಿವಿಲ್ಲದ ಹೊತ್ತಿನಲ್ಲೇ ತೀರ್ಮಾನಿಸಿಕೊಳ್ಳುವುದು ಅವುಗಳಲ್ಲೊಂದು. ಒಂದು ದೋಷವನ್ನು ತಿದ್ದಿಕೊಳ್ಳಲು ದಿನಕ್ಕೆರಡು ಸಲ ಗೆರೆಯ ಮೇಲೆ ಚುಕ್ಕೆಯಿಟ್ಟು, ದಿನಕ್ಕೆ ದಿನ ಹೋಲಿಸಿ ನೋಡುವ ಕ್ರಮವನ್ನೂ ಹೇಳಿಕೊಟ್ಟರು. ಇಂದಿನ ಮನೋವೈದ್ಯರ ನೋಟ್‌ಬುಕ್ಕಿಗೂ ಅದಕ್ಕೂ ಎಷ್ಟು ಹೋಲಿಕೆ! 1548ರಲ್ಲಿ ಅಚ್ಚಾದ ಆ ಪುಸ್ತಕ ಸಹ ಒಬ್ಬರೇ ಕುಳಿತು ಓದಿ ಮುಗಿಸುವುದಕ್ಕಲ್ಲ, ಮಾರ್ಗದರ್ಶಿಯ ಜೊತೆ ನಡೆಯುವುದಕ್ಕೆ.

ಹಾಗಾದರೆ ನಮ್ಮಲ್ಲಿ ಮಾರ್ಗದರ್ಶಿ ಯಾರು? ಆಪ್ತಸಲಹೆಗಾರರು ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗುಟ್ಟು ಕಾಯುವ, ಗದರಿಸದ, ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಬಲ್ಲ ಒಬ್ಬರು: ಧಾರ್ಮಿಕ ಭಗಿನಿ, ನರ್ಸ್ ಕೆಲಸದ ಅಕ್ಕ, ಇಂಗ್ಲಿಷ್ ಓದಬಲ್ಲ ಮಗಳು. ಮಗಳು ಒಂದು ಪುಟ ಓದಿ ಕನ್ನಡದಲ್ಲಿ ಹೇಳಲಿ, ತಾಯಿ ನೋಟ್‌ಬುಕ್ ಬರೆಯಲಿ. ಮಾತೃಭಾಷೆಯಲ್ಲಿ ಮನಸ್ಸಿನ ಕಾಯಿಲೆಗಳನ್ನು ತಿಳಿಯುವ ಪರಂಪರೆ ಕನ್ನಡಕ್ಕೆ ಚೆನ್ನಾಗಿಯೇ ಇದೆ. ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಮನೆಮನೆಗೂ ತಲುಪಿವೆ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ವಾಸಿಯಾಗುತ್ತದೆ ಎಂಬ ಅರಿವಿಗೆ ಅಂಥ ಓದು ಒಳ್ಳೆಯ ಆರಂಭ.

ಅಂಗಡಿಯಲ್ಲಿ ಸಿಗುವ ಎಲ್ಲ ಪುಸ್ತಕವೂ ಮದ್ದಲ್ಲ. 'ಮೂವತ್ತು ದಿನದಲ್ಲಿ ಹತ್ತು ಕಿಲೋ ಇಳಿಸಿ' ಎಂದು ಕೂಗುವ ಪುಸ್ತಕ ಈ ಕಾಯಿಲೆಯವರಿಗೆ ವಿಷ. ಬರೆದವರು ಈ ಕಾಯಿಲೆಗೆ ಚಿಕಿತ್ಸೆ ಕೊಟ್ಟವರೇ? ಹಸಿದಿರು ಎನ್ನುವ ಬದಲು ಹೊತ್ತಿಗೆ ತಿನ್ನು ಎನ್ನುತ್ತದೆಯೇ? ಯಾರು ಈ ಪುಸ್ತಕವನ್ನು ನೆಚ್ಚಿಕೊಳ್ಳಬಾರದು ಎಂದೂ ತಿಳಿಸುತ್ತದೆಯೇ? ಈ ಮೂರನ್ನು ನೋಡಿ ಆರಿಸಿ. ಇನ್ನೊಂದು ಮಾತು. ಈ ಚಿಕಿತ್ಸೆಯಿಂದ ಬಿಂಜ್ ನಿಲ್ಲುತ್ತದೆ, ಮನಸ್ಸು ಹಗುರಾಗುತ್ತದೆ. ತೂಕ ಬಹಳ ಇಳಿಯುತ್ತದೆ ಎಂಬ ಭರವಸೆಯನ್ನು ವೈದ್ಯರು ಕೊಡುವುದಿಲ್ಲ. ಅದನ್ನು ಮೊದಲೇ ತಿಳಿದು ಹೊರಟರೆ ನಡುದಾರಿಯಲ್ಲಿ ನಿರಾಶೆಯಾಗದು.

ಯಾರು ನೇರವಾಗಿ ವೈದ್ಯರ ಬಳಿಗೆ?

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ತೂಕ ತೀರಾ ಇಳಿದವರು, ಪದೇ ಪದೇ ವಾಂತಿ ಮಾಡುವವರು, ಬದುಕೇ ಬೇಡವೆನಿಸುವಷ್ಟು ಖಿನ್ನರಾದವರು ಪುಸ್ತಕವೊಂದನ್ನೇ ನೆಚ್ಚಬಾರದು. ಹದಿಹರೆಯದ ಮಕ್ಕಳಿಗೂ ವೈದ್ಯರ ಸಲಹೆ ಅಗತ್ಯ. ನಾಲ್ಕು ವಾರ ಪ್ರಾಮಾಣಿಕವಾಗಿ ಪ್ರಯತ್ನಿಸಿದರೂ ಏನೂ ಬದಲಾಗದಿದ್ದರೆ ಮುಂದಿನ ಚಿಕಿತ್ಸೆಗೆ ಹೋಗಬೇಕು. ಅದು ಸೋಲಲ್ಲ. ಕೊಯಮತ್ತೂರು ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಿರುಪ್ಪೂರಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ತಮಿಳಿನಲ್ಲೂ ಅಲ್ಲಿ ಮಾತನಾಡಬಹುದು.

ಮನೆಯವರಿಗೆ ಎರಡು ಮಾತು

ಮದುವೆಮನೆಯಲ್ಲಿ, ದೇವಾಲಯದ ಅಂಗಳದಲ್ಲಿ ಒಬ್ಬರನ್ನು ಕಂಡ ಕೂಡಲೇ ಅವರ ಮೈಯ ಬಗ್ಗೆ ಮಾತೆತ್ತುವ ಚಾಳಿಯನ್ನು ಬಿಡೋಣ. ಕುಶಲ ಕೇಳಲು ಬೇರೆ ಮಾತುಗಳು ಬೇಕಾದಷ್ಟಿವೆ. ಮನೆಯಲ್ಲಿ ತಿಂಡಿ ಕಾಣೆಯಾದರೆ ಪತ್ತೇದಾರಿಕೆ ಬೇಡ, ಬೀಗವೂ ಬೇಡ. 'ಊಟ ಆಯ್ತಾ? ಬಾ, ಜೊತೆಯಲ್ಲಿ ಕೂರೋಣ' ಎಂಬ ಮಾತು ಬೇಕು. ಮನೆಯ ಹೆಂಗಸು ಎಲ್ಲರ ನಂತರ, ಉಳಿದದ್ದನ್ನು, ನಿಂತು ತಿನ್ನುವ ಪದ್ಧತಿ ತ್ಯಾಗವೆಂದು ಹೊಗಳಿಸಿಕೊಂಡಿದೆ. ಅದೇ ಅವಳನ್ನು ರಾತ್ರಿಯ ಕತ್ತಲಿಗೆ ದೂಡುತ್ತಿರಬಹುದು. ಅವಳಿಗೂ ತಟ್ಟೆ ಹಾಕಿ, ಅವಳೂ ಕುಳಿತು ಉಣ್ಣಲಿ.

ತಪಸ್ಸುಕಾಲ ಬಂದಾಗ

ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳ ಉಪವಾಸ 18 ವರ್ಷ ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ ಕಡ್ಡಾಯ. ಆದರೆ ರೋಗಿಗಳಿಗೆ ಅದರಿಂದ ವಿನಾಯಿತಿ ಉಂಟು. ಸಂದೇಹವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು, ಬೇರೆ ಪುಣ್ಯಕಾರ್ಯವನ್ನು ಅವರು ಸೂಚಿಸಬಲ್ಲರು. ಅತಿಯಾಗಿ ತಿನ್ನುವ ಕಾಯಿಲೆಯಿಂದ ಹೊರಬರುತ್ತಿರುವವರಿಗೆ ನಲವತ್ತು ದಿನದ ಕಠಿಣ ಉಪವಾಸ ಹಳೆಯ ಬಲೆಗೇ ಹೊಸ ಹೆಸರು. ಅವರಿಗೆ ಹೊತ್ತಿಗೆ ಸರಿಯಾಗಿ ಮೂರು ಊಟ ಮಾಡುವುದೇ ತಪಸ್ಸು, ನೋಟ್‌ಬುಕ್ ಬಿಡದೆ ಬರೆಯುವುದೇ ಆತ್ಮಶೋಧನೆ, ಒಬ್ಬರೆದುರು ನಿಜ ಹೇಳುವುದೇ ದೀನತೆ.

ಸಾಯಬೇಕೆಂದು ಮರದಡಿ ಮಲಗಿದ ಪ್ರವಾದಿ ಎಲೀಯನ ಬಳಿಗೆ ದೇವದೂತ ಬಂದದ್ದನ್ನು ಅರಸುಗಳ ಗ್ರಂಥದಲ್ಲಿ ಓದುತ್ತೇವೆ. ದೂತನು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟನು. ಒಮ್ಮೆಯಲ್ಲ, ಎರಡು ಸಲ. ಏಕೆಂದರೆ ಮುಂದಿನ ದಾರಿ ದೂರವಿತ್ತು. ಈ ಕಾಯಿಲೆಯಿಂದ ಹೊರಬರುವ ದಾರಿಯೂ ದೂರದ್ದೇ. ನಡುವೆ ಒಂದೆರಡು ರಾತ್ರಿ ಕಾಲು ಜಾರಬಹುದು. ಜಾರಿದ ರಾತ್ರಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮರುದಿನ ಬೆಳಿಗ್ಗೆ ಇಡ್ಲಿಯ ತಟ್ಟೆಯ ಮುಂದೆ ಸಮಾಧಾನದಿಂದ ಕುಳಿತುಕೊಳ್ಳುವುದೇ ಗುಣವಾಗುತ್ತಿರುವುದರ ಗುರುತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈ ಭಾರವನ್ನು ಒಬ್ಬರೇ ಹೊತ್ತಿದ್ದರೆ, ಈ ವಾರ ಒಂದು ನೋಟ್‌ಬುಕ್ ಕೊಳ್ಳಿ, ಒಬ್ಬರಿಗೆ ಹೇಳಿಕೊಳ್ಳಿ. ಹಸಿದವರಿಗೆ ರೊಟ್ಟಿ ಮುರಿದು ಕೊಟ್ಟ ಪ್ರಭು ಕ್ರಿಸ್ತರು ನಮ್ಮ ಊಟದ ತಟ್ಟೆಗಳನ್ನೂ ನಮ್ಮ ಮನಸ್ಸುಗಳನ್ನೂ ಆಶೀರ್ವದಿಸಲಿ.